ಜಿಪಿಎಸ್ ಎಲ್ಲರ ಲಾರಿಯಲ್ಲೂ ಇದೆ, ಹಾಗಾದರೆ ನಮ್ಮ ಹೆಚ್ಚುಗಾರಿಕೆ ಎಲ್ಲಿದೆ?

ಲೋಡಿಂಗ್_ಪಾಯಿಂಟ್:
ಎಲ್ಲರಿಗೂ ನಮಸ್ಕಾರ. ಕುಶಾಲನಗರದಲ್ಲಿ ನಮ್ಮದು ಚಿಕ್ಕ ಟ್ರಾನ್ಸ್‌ಪೋರ್ಟ್. ಆರು ಲಾರಿ, ಎರಡು ಪಿಕಪ್. ಅಪ್ಪ ಶುರು ಮಾಡಿದ್ದು, ಈಗ ಆಫೀಸು ನಾನು ನೋಡಿಕೊಳ್ಳುತ್ತೇನೆ. ಮುಖ್ಯವಾಗಿ ಕಾಫಿ ಸಾಗಿಸುತ್ತೇವೆ. ತೋಟದಿಂದ ಕ್ಯೂರಿಂಗ್ ವರ್ಕ್ಸ್‌ಗೆ (ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ), ಅಲ್ಲಿಂದ ಮಂಗಳೂರಿಗೆ. ಉಳಿದ ತಿಂಗಳುಗಳಲ್ಲಿ ಮೆಣಸು, ಶುಂಠಿ, ಗೊಬ್ಬರ, ಸಿಮೆಂಟು.

ಈ ಸೀಸನ್‌ನಲ್ಲಿ ಒಂದು ಹಳೇ ಪಾರ್ಟಿ ನಮ್ಮನ್ನು ಬಿಟ್ಟು ಹೊರಗಿನ ದೊಡ್ಡ ಕಂಪನಿಗೆ ಲೋಡ್ ಕೊಟ್ಟರು. ಕಾರಣ ಕೇಳಿದೆ. "ಅವರ ಹತ್ತಿರ ಟೆಕ್ನಾಲಜಿ ಇದೆ, ಲಾರಿ ಎಲ್ಲಿದೆ ಅಂತ ಕೂತಲ್ಲೇ ಕಾಣುತ್ತದೆ" ಅಂದರು. ನಮ್ಮ ಲಾರಿಗಳಲ್ಲೂ ಜಿಪಿಎಸ್ ಇದೆ! ಅಷ್ಟರಲ್ಲೇ ಸಾಫ್ಟ್‌ವೇರ್ ಮಾರುವವರೊಬ್ಬರು ಬಂದರು. ಟ್ರಿಪ್ ಶೀಟ್, ಡೀಸೆಲ್, ಟೈರು, ಬಿಲ್ಲು, ಡ್ರೈವರ್ ಬಾಟಾ (ಟ್ರಿಪ್ಪಿನ ಭತ್ಯೆ) ಎಲ್ಲ ಒಂದರಲ್ಲೇ ಸಿಗುತ್ತದಂತೆ. ವರ್ಷಕ್ಕೆ ಕಟ್ಟುವ ಹಣ ನಮ್ಮ ಅಳತೆಗೆ ದೊಡ್ಡದೇ.

ಅಪ್ಪ ಬೇಡ ಅನ್ನುತ್ತಾರೆ. ನನಗೆ ಬೇಕು ಅನ್ನಿಸುತ್ತದೆ, ಆದರೆ ಒಂದು ಪ್ರಶ್ನೆ ಕಾಡುತ್ತಿದೆ. ದೊಡ್ಡವರ ಹತ್ತಿರ ಇರುವುದನ್ನೇ ನಾವೂ ಕೊಂಡರೆ ಅವರಿಗಿಂತ ಮುಂದೆ ಹೋಗುವುದು ಹೇಗೆ? ಲಾರಿ ನಡೆಸುವವರು, ತೋಟದವರು, ಸಾಫ್ಟ್‌ವೇರ್ ಗೊತ್ತಿರುವವರು ದಯವಿಟ್ಟು ಹೇಳಿ.

ಶನಿವಾರಸಂತೆ_ರೋಡ್:
ಅಪ್ಪನ ಮಾತು ಕೇಳಿ. ಆ ದುಡ್ಡಿಗೆ ಎರಡು ಜೊತೆ ಟೈರು ಬರುತ್ತದೆ.

ಗೋಣಿಕೊಪ್ಪ_ಕೋಡರ್:
ಮೇಲಿನವರ ಮಾತು ಒಪ್ಪಲ್ಲ. ನಾನು ಬೆಂಗಳೂರಿನಲ್ಲಿ ಸಾಗಣೆ ಕಂಪನಿಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದೇನೆ. ತಂತ್ರಜ್ಞಾನದಿಂದ ಮುಂದೆ ಬಂದ ಕಂಪನಿಗಳು ಬೇಕಾದಷ್ಟಿವೆ.

ಅಮೆರಿಕದ ಪಾರ್ಸೆಲ್ ಕಂಪನಿ ಯುಪಿಎಸ್ ನೋಡಿ. ಡೆಲಿವರಿ ಗಾಡಿ ಯಾವ ಮನೆಗೆ ಮೊದಲು, ಯಾವುದಕ್ಕೆ ಆಮೇಲೆ ಹೋಗಬೇಕು ಅಂತ ಲೆಕ್ಕ ಹಾಕುವ ಓರಿಯನ್ ಎಂಬ ವ್ಯವಸ್ಥೆ ಕಟ್ಟಿಕೊಂಡರು. ವರ್ಷಕ್ಕೆ ಸುಮಾರು 10 ಕೋಟಿ ಮೈಲಿ ಓಡಾಟ ಮತ್ತು 1 ಕೋಟಿ ಗ್ಯಾಲನ್ ಇಂಧನ ಉಳಿಯುತ್ತದೆ ಅಂತ ಕಂಪನಿ ಹೇಳಿದೆ. ಅಮೆಜಾನ್ 2012ರಲ್ಲಿ ಗೋದಾಮಿನ ರೋಬೋಟ್ ಮಾಡುವ ಕೀವಾ ಕಂಪನಿಯನ್ನು 77.5 ಕೋಟಿ ಡಾಲರ್ ಕೊಟ್ಟು ಕೊಂಡಿತು. ಕೊಂಡ ಮೇಲೆ ಆ ರೋಬೋಟ್‌ಗಳನ್ನು ಬೇರೆಯವರಿಗೆ ಮಾರುವುದನ್ನೇ ನಿಲ್ಲಿಸಿತು. ಅದುವರೆಗೆ ಅವನ್ನೇ ಬಳಸುತ್ತಿದ್ದ ಬೇರೆ ಅಂಗಡಿಗಳು ಹೊಸ ದಾರಿ ಹುಡುಕಬೇಕಾಯಿತು.

ಓದುಗ_ಮಡಿಕೇರಿ:
@ಗೋಣಿಕೊಪ್ಪ_ಕೋಡರ್ ನಿಮ್ಮ ಎರಡೂ ಉದಾಹರಣೆ ಸರಿ. ಆದರೆ ಅವು ಲೋಡಿಂಗ್_ಪಾಯಿಂಟ್ ಅವರ ಪ್ರಶ್ನೆಗೆ ಬೇರೆ ಉತ್ತರ ಕೊಡುತ್ತವೆ. ನಾನು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತೇನೆ, ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

ಜೇ ಬಾರ್ನಿ ಎಂಬ ಅಮೆರಿಕದ ಪ್ರಾಧ್ಯಾಪಕರು 1991ರಲ್ಲಿ ಬರೆದ ವಿಚಾರ ಈ ವಿಷಯದಲ್ಲಿ ಇವತ್ತಿಗೂ ಮೊದಲು ನೆನಪಾಗುತ್ತದೆ. ಕಂಪನಿಯ ಕೈಯಲ್ಲಿರುವ ಒಂದು ವಸ್ತು ಬಹುಕಾಲ ಲಾಭ ಕೊಡಬೇಕಾದರೆ ಅದಕ್ಕೆ ಬೆಲೆ ಇರಬೇಕು, ಅದು ಅಪರೂಪವಾಗಿರಬೇಕು, ಬೇರೆಯವರು ಸುಲಭವಾಗಿ ನಕಲು ಮಾಡಲು ಆಗಬಾರದು, ಅದರ ಜಾಗಕ್ಕೆ ಬೇರೆ ಏನನ್ನೋ ತಂದಿಡಲು ಆಗಬಾರದು. ಈಗ ನಿಮ್ಮ ಜಿಪಿಎಸ್ ತಗೊಳ್ಳಿ. ಬೆಲೆ ಇದೆ. ಅಪರೂಪ ಅಲ್ಲ. ಅಂಗಡಿಯಲ್ಲಿ ಸಿಗುತ್ತದೆ. ಅದು ಇಲ್ಲದಿದ್ದರೆ ನೀವು ಹಿಂದೆ ಬೀಳುತ್ತೀರಿ, ಇದ್ದರೆ ಎಲ್ಲರ ಸಮಕ್ಕೆ ಬರುತ್ತೀರಿ, ಅಷ್ಟೇ. ಕೀವಾ ಕತೆಯಲ್ಲಿ ಅಮೆಜಾನ್ ಮಾಡಿದ್ದು ಏನು? ಅಂಗಡಿಯಲ್ಲಿ ಸಿಗುವ ವಸ್ತುವನ್ನು ಅಂಗಡಿಯಿಂದಲೇ ತೆಗೆದು ಹಾಕಿತು. ಆರು ಲಾರಿಯವರಿಗೆ ಆ ದಾರಿ ಇಲ್ಲ.

ಹಾಗಾಗಿ ನಿಮ್ಮಲ್ಲಿ ಇದ್ದು ಬೇರೆಯವರಿಗೆ ಕೊಳ್ಳಲು ಸಿಗದೇ ಇರುವುದು ಏನು ಅಂತ ಮೊದಲು ನೋಡಿ. ಸಾಫ್ಟ್‌ವೇರ್ ಪ್ರಶ್ನೆ ಆಮೇಲೆ.

ಹುಣಸೂರು_ಲಾರಿ_ಬ್ರೋಕರ್:
ಮೇಷ್ಟ್ರೇ, ಪುಸ್ತಕದಲ್ಲಿ ಇದೆಲ್ಲ ಚೆನ್ನಾಗಿರುತ್ತದೆ. ಮಾರ್ಕೆಟ್‌ನಲ್ಲಿ ಪಾರ್ಟಿ ಕೇಳುವುದು ಎರಡೇ. ಬಾಡಿಗೆ ಎಷ್ಟು, ಲಾರಿ ಎಷ್ಟೊತ್ತಿಗೆ ಬರುತ್ತದೆ.

ಸಂಪಾಜೆ_ಡ್ರೈವರ್:
ಬ್ರೋಕರ್ ಅಣ್ಣಾ, ಎಷ್ಟೊತ್ತಿಗೆ ಬರುತ್ತದೆ ಅಂತ ಹೇಳಲಿಕ್ಕೆ ಘಾಟಿ ಗೊತ್ತಿರಬೇಕು ಅಲ್ವಾ?

ನಾನು ಲಾರಿ ಓಡಿಸುವವನು. ನನ್ನದೊಂದು ಮಾತು. ಜಿಪಿಎಸ್ ಮಾಲೀಕರಿಗೆ ನಾನು ಎಲ್ಲಿ ನಿಂತೆ ಅಂತ ತೋರಿಸುತ್ತದೆ. ಯಾಕೆ ನಿಂತೆ ಅಂತ ತೋರಿಸುವುದಿಲ್ಲ. ಮಡಿಕೇರಿ ಸಾವಿರ ಮೀಟರಿಗೂ ಎತ್ತರದಲ್ಲಿದೆ. ಫುಲ್ ಲೋಡ್ ಹೊತ್ತು ಸಂಪಾಜೆ ಕಡೆ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಡ್ರಮ್ಮು ಕಾಯುತ್ತದೆ, ಆಮೇಲೆ ಬ್ರೇಕ್ ಹಿಡಿಯುವುದೇ ಇಲ್ಲ. ಸಣ್ಣ ಗೇರಿನಲ್ಲಿ, ಎಕ್ಸಾಸ್ಟ್ ಬ್ರೇಕ್ (ಎಂಜಿನ್ ಹೊಗೆಯನ್ನು ತಡೆದು ಲಾರಿಯ ವೇಗ ತಗ್ಗಿಸುವುದು) ಹಾಕಿಕೊಂಡು, ನಿಧಾನವಾಗಿ ಇಳಿಸಬೇಕು. ವಾಸನೆ ಬಂದರೆ ಬದಿಗೆ ಹಾಕಿ ತಣ್ಣಗಾಗಲು ಬಿಡಬೇಕು. ನಾನು ಮೊದಲು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಹೀಗೆ ನಿಲ್ಲಿಸಿದ್ದಕ್ಕೆ ಕಂಪ್ಯೂಟರು "ಅನಗತ್ಯ ನಿಲುಗಡೆ" ಅಂತ ಬರೆಯಿತು. ಬಾಟಾದಲ್ಲಿ ಹಿಡಿದರು. ಆಫೀಸಿನಲ್ಲಿ ಕೂತವರು ಘಾಟಿ ನೋಡಿಯೇ ಇರಲಿಲ್ಲ.

ಆಮೇಲೆ ಏನಾಯಿತು ಗೊತ್ತಾ? ಹುಡುಗರು ನಿಲ್ಲಿಸುವುದನ್ನು ಬಿಟ್ಟರು. ಹೊಸ ಹುಡುಗ ಒಬ್ಬ ಬಿಸಿ ಬ್ರೇಕಿನಲ್ಲೇ ಇಳಿಸಿಕೊಂಡು ಹೋಗಿ ತಿರುವಿನಲ್ಲಿ ಗುಡ್ಡಕ್ಕೆ ಕೊಟ್ಟ. ಜೀವ ಉಳಿಯಿತು. ಅವತ್ತಿನಿಂದ ನಾನು ಆ ಕಂಪನಿಯಲ್ಲಿ ಇಲ್ಲ.

ಲೋಡಿಂಗ್_ಪಾಯಿಂಟ್:
ಅಣ್ಣಾ, ಇದನ್ನು ಓದಿ ತುಂಬಾ ಬೇಜಾರಾಯಿತು. ಸಾಫ್ಟ್‌ವೇರ್ ತೋರಿಸುವಾಗ ಅವರು ನನಗೂ ಇದೇ ರಿಪೋರ್ಟು ತೋರಿಸಿದರು. "ಡ್ರೈವರ್ ಎಷ್ಟು ಹೊತ್ತು ವೇಸ್ಟ್ ಮಾಡಿದ ಅಂತ ಒಂದೇ ಕ್ಲಿಕ್‌ನಲ್ಲಿ ಸಿಗುತ್ತದೆ" ಅಂದರು.

ಗೋಣಿಕೊಪ್ಪ_ಕೋಡರ್:
ಅದು ಸಾಫ್ಟ್‌ವೇರ್ ತಪ್ಪಲ್ಲ, ಅದಕ್ಕೆ ಘಾಟಿಯ ವಿಷಯ ಹೇಳಿಕೊಡದವರ ತಪ್ಪು. ಮ್ಯಾಪ್ ಮೇಲೆ ಒಂದು ಗೆರೆ ಎಳೆದು, ಈ ಭಾಗದಲ್ಲಿ ಲೋಡ್ ಇದ್ದಾಗ ನಿಂತರೆ ಅದು ಸುರಕ್ಷತೆಯ ನಿಲುಗಡೆ ಅಂತ ಬರೆದರೆ ಆಯಿತು. ಅರ್ಧ ದಿನದ ಕೆಲಸ.

ಓದುಗ_ಮಡಿಕೇರಿ:
ಹೌದು, ಆದರೆ ಗೆರೆ ಎಲ್ಲಿಂದ ಎಲ್ಲಿಗೆ ಎಳೆಯಬೇಕು ಅಂತ ಹೇಳುವವರು ಯಾರು? ಡ್ರೈವರ್. ದೂರದ ಊರಿನ ಕಂಪನಿ ಅದೇ ಸಾಫ್ಟ್‌ವೇರ್ ಕೊಂಡರೂ ಆ ಗೆರೆ ಅವರಿಗೆ ಸಿಗುವುದಿಲ್ಲ. ನಾನು ಹೇಳಿದ್ದು ಇದನ್ನೇ.

ಜಪಾನಿನ ನೊನಾಕಾ ಮತ್ತು ಟಕೆಯುಚಿ ಎಂಬ ಇಬ್ಬರು 1995ರಲ್ಲಿ ಈ ವಿಷಯವನ್ನು ವಿವರವಾಗಿ ಬರೆದರು. ಕೆಲಸಗಾರನ ಕೈಯಲ್ಲಿ, ಕಣ್ಣಲ್ಲಿ ಇರುವ ತಿಳಿವಳಿಕೆ ಒಂದು ಥರ. ಬರೆದಿಟ್ಟ ತಿಳಿವಳಿಕೆ ಇನ್ನೊಂದು ಥರ. ಮೊದಲನೆಯದನ್ನು ಎರಡನೆಯದಾಗಿ ಮಾಡಿ, ಬೇರೆಯವರಿಗೆ ಕಲಿಸಿ, ಅವರ ಕೈಗೂ ಬರುವ ಹಾಗೆ ಮಾಡುವ ಕಂಪನಿ ಮುಂದೆ ಹೋಗುತ್ತದೆ. ಡ್ರೈವರ್ ಕೆಲಸ ಬಿಟ್ಟರೆ ಅವರ ಜೊತೆ ಘಾಟಿಯೂ ಹೋಗುತ್ತದೆ. ಮೇಲಿನವರ ಹಳೇ ಕಂಪನಿಗೆ ಆದ ನಷ್ಟ ಇದೇ.

ನಾಪೋಕ್ಲು_ಹುಡುಗ:
ನಾನು ಪಾರ್ಸೆಲ್ ಡೆಲಿವರಿ ಮಾಡುವವನು. ಕೊಡಗಿನ ಅಡ್ರೆಸ್ ಬಗ್ಗೆ ಯಾರೂ ಹೇಳಲೇ ಇಲ್ಲ! "ಇಂಥ ತೋಟ, ಕಕ್ಕಬ್ಬೆ ಪೋಸ್ಟ್" ಅಂತ ಮಾತ್ರ ಇರುತ್ತದೆ. ತೋಟಕ್ಕೆ ಮೂರು ಗೇಟು. ಮನೆ ಒಂದು ಕಡೆ, ಕೆಲಸಗಾರರ ಲೈನ್ ಮನೆ ಇನ್ನೊಂದು ಕಡೆ. ಮ್ಯಾಪ್ ತೋರಿಸುವ ದಾರಿಯಲ್ಲಿ ಹೋದರೆ ಹೊಳೆ. ಹೊಸಬರು ಬಂದರೆ ಅರ್ಧ ಪಾರ್ಸೆಲ್ ವಾಪಸ್. ಫೋನ್ ಮಾಡೋಣ ಅಂದರೆ ನೆಟ್‌ವರ್ಕ್ ಇಲ್ಲ.

ಬೆಟ್ಟದ_ಜೇನು:
ಇದು ನೂರಕ್ಕೆ ನೂರು ನಿಜ. ನಾನು ಜೇನು, ಮೆಣಸು, ಮನೆಯಲ್ಲಿ ಮಾಡಿದ ಚಾಕೊಲೇಟ್ ಪಾರ್ಸೆಲ್ ಕಳಿಸುತ್ತೇನೆ. ಕಳಿಸುವುದು ಸುಲಭ, ತರಿಸಿಕೊಳ್ಳುವುದೇ ಕಷ್ಟ. ಬಾಟಲಿ ತರಿಸಿದರೆ ಮಡಿಕೇರಿಗೆ ಬಂದು "ವಿಳಾಸ ಸಿಗಲಿಲ್ಲ" ಅಂತ ವಾಪಸ್ ಹೋಗುತ್ತದೆ. ನಮ್ಮ ಕಡೆ ಬರುವ ಹುಡುಗ ರಜೆ ಹಾಕಿದ ವಾರ ಏನೂ ಬರುವುದಿಲ್ಲ.

ಗೋಣಿಕೊಪ್ಪ_ಕೋಡರ್:
ಇದಕ್ಕೆ ಈಗ ಡಿಜಿಪಿನ್ ಬಂದಿದೆ. ಅಂಚೆ ಇಲಾಖೆ 2025ರಲ್ಲಿ ತಂದದ್ದು. ಐಐಟಿ ಹೈದರಾಬಾದ್ ಮತ್ತು ಇಸ್ರೋದ ದೂರಸಂವೇದಿ ಕೇಂದ್ರ ಸೇರಿ ಮಾಡಿದ್ದಾರೆ. ಇಡೀ ದೇಶವನ್ನು ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಚೌಕಗಳಾಗಿ ಹಂಚಿ, ಪ್ರತಿಯೊಂದಕ್ಕೂ 10 ಅಕ್ಷರದ ಕೋಡ್ ಕೊಟ್ಟಿದ್ದಾರೆ. ಅಕ್ಕಾ, ನಿಮ್ಮ ಗೇಟಿನ ಕೋಡ್ ತೆಗೆದು ವಿಳಾಸದ ಕೊನೆಗೆ ಹಾಕಿ ನೋಡಿ.

ನಾಪೋಕ್ಲು_ಹುಡುಗ:
ಕೋಡ್ ಇದ್ದರೆ ಗೇಟು ಸಿಗುತ್ತದೆ, ಒಪ್ಪುತ್ತೇನೆ. ಯಾವ ಗೇಟು ಮಳೆಗಾಲದಲ್ಲಿ ಬೀಗ ಹಾಕಿರುತ್ತದೆ, ಯಾವ ತೋಟದಲ್ಲಿ ನಾಯಿ ಬಿಟ್ಟಿರುತ್ತಾರೆ, ಯಾರ ಪಾರ್ಸೆಲನ್ನು ಯಾವ ಅಂಗಡಿಯಲ್ಲಿ ಇಟ್ಟರೆ ಸಂಜೆ ತಗೊಂಡು ಹೋಗುತ್ತಾರೆ, ಇದೆಲ್ಲ ಕೋಡಿನಲ್ಲಿ ಇಲ್ಲ. ನನಗೆ ಬಾಯಿಪಾಠ ಇದೆ. ಯಾರೂ ಇದುವರೆಗೆ ಕೇಳಿಲ್ಲ, ನಾನೂ ಹೇಳಿಲ್ಲ.

ಸಿದ್ದಾಪುರ_ತೋಟದ_ರೈಟರ್:
ಆನೆ ಸೇರಿಸಿ. ಮಾಲ್ದಾರೆ ಕಡೆ ಬೆಳಿಗ್ಗೆ ಬೇಗ ಲಾರಿ ಕಳಿಸಬೇಡಿ ಅಂತ ಎಷ್ಟು ಸಲ ಹೇಳಿದರೂ ಹೊರಗಿನ ಟ್ರಾನ್ಸ್‌ಪೋರ್ಟಿನವರು ಕೇಳುವುದಿಲ್ಲ. ಅವರ ಪಟ್ಟಿಯಲ್ಲಿ ಟೈಮ್ 5:30 ಅಂತ ಇರುತ್ತದೆ, ಬಂದೇ ಬರುತ್ತಾರೆ.

ಶನಿವಾರಸಂತೆ_ರೋಡ್:
ವಿಷಯಾಂತರಕ್ಕೆ ಕ್ಷಮಿಸಿ. ಮಾಕುಟ್ಟ ರಸ್ತೆಯಲ್ಲಿ ಈಗ ಲಾರಿ ಬಿಡುತ್ತಿದ್ದಾರಾ? ಕೇರಳದ ಇರಿಟ್ಟಿಗೆ ಹೋಗಬೇಕಿತ್ತು.

ಹುಣಸೂರು_ಲಾರಿ_ಬ್ರೋಕರ್:
ಪೆರುಂಬಾಡಿ ಚೆಕ್‌ಪೋಸ್ಟಿನಲ್ಲಿ ಕೇಳಿಕೊಂಡು ಹೊರಡಿ. ಮಳೆ ಜೋರಾದರೆ ಒಂದೇ ರಾತ್ರಿಯಲ್ಲಿ ಆದೇಶ ಬದಲಾಗುತ್ತದೆ.

ಮಂಗಳೂರು_ಕ್ಲಿಯರಿಂಗ್:
ಮಾರಾಯ್ರೇ, ಈ ರಸ್ತೆ ವಿಷಯಕ್ಕೇ ನಾನು ಬರೆಯಬೇಕು ಅಂತ ಇದ್ದೆ. 2018ರ ಆಗಸ್ಟ್ ನೆನಪಿದೆಯಾ? ಜೋಡುಪಾಲದಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಹೋಯಿತು. ಅದೇ ಮಳೆಗೆ ಹಾಸನ ಕಡೆಯಿಂದ ಇಳಿಯುವ ಶಿರಾಡಿ ಘಾಟಿಯೂ ಮುಚ್ಚಿತು. ನನ್ನ ಹತ್ತಿರ ಹಡಗಿನ ಬುಕಿಂಗ್ ಇದೆ, ಸರಕು ಮೇಲೆ ಸಿಕ್ಕಿಕೊಂಡಿದೆ. ದೊಡ್ಡ ಕಂಪನಿಯ ಕಂಟ್ರೋಲ್ ರೂಮಿಗೆ ಫೋನ್ ಮಾಡಿದರೆ "ಪರಿಶೀಲಿಸುತ್ತೇವೆ" ಅಂದರು. ಒಬ್ಬ ಚಿಕ್ಕ ಟ್ರಾನ್ಸ್‌ಪೋರ್ಟಿನವರು ಮಾತ್ರ ಗುಡ್ಡ ಜಾರುವ ಮೊದಲೇ, ಹೊಳೆ ನೀರಿನ ಬಣ್ಣ ನೋಡಿ "ಇವತ್ತು ಲಾರಿ ಇಳಿಸುವುದಿಲ್ಲ, ನಿಮ್ಮ ಬುಕಿಂಗ್ ಮುಂದೆ ಹಾಕಿಸಿಕೊಳ್ಳಿ" ಅಂತ ಹೇಳಿದ್ದರು. ಆ ಒಂದು ಫೋನಿನಿಂದ ನನಗೆ ಉಳಿದ ಹಣ ಸಣ್ಣದಲ್ಲ. ಇವತ್ತಿಗೂ ಅವರಿಗೇ ಲೋಡ್ ಕೊಡುತ್ತೇನೆ.

ಇನ್ನೊಂದು. ದಾರಿ ಬದಲಾದರೆ ಕಾಗದವೂ ಬದಲಾಗುತ್ತದೆ. ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯಲ್ಲಿ ತೆಗೆಯುವ ಆನ್‌ಲೈನ್ ಕಾಗದ) ಬೇಕಾದ ಸರಕು ಇದ್ದರೆ 200 ಕಿ.ಮೀ.ಗೆ ಒಂದು ದಿನದ ಅವಧಿ. ಕುಶಾಲನಗರದಿಂದ ಸಂಪಾಜೆ ಮೇಲೆ ಮಂಗಳೂರು 200ರ ಒಳಗೆ ಬರುತ್ತದೆ. ಹಾಸನ ಸುತ್ತಿ ಶಿರಾಡಿಯಲ್ಲಿ ಬಂದರೆ ಅದಕ್ಕಿಂತ ಜಾಸ್ತಿ. ಅವಧಿ ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆ ಒಳಗೆ ವಿಸ್ತರಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ರಸ್ತೆಯಲ್ಲಿ ದಂಡ ಕಟ್ಟಿದವರನ್ನು ನೋಡಿದ್ದೇನೆ.

ಲೋಡಿಂಗ್_ಪಾಯಿಂಟ್:
ವಿಸ್ತರಣೆಯ ವಿಷಯ ಗೊತ್ತಿತ್ತು. ಆದರೆ ದಾರಿ ಬದಲಾದ ತಕ್ಷಣ ನೆನಪು ಮಾಡುವವರು ನಮ್ಮ ಆಫೀಸಿನಲ್ಲಿ ಅಪ್ಪ ಒಬ್ಬರೇ. ಅವರು ಮಲಗಿದ್ದರೆ ಇಲ್ಲ. ಸಾಫ್ಟ್‌ವೇರ್ ಬೇಕು ಅನ್ನಿಸುವುದು ಇಂಥ ಹೊತ್ತಿನಲ್ಲೇ.

ಕ್ಯೂರಿಂಗ್_ಶೆಡ್:
ನಾನು ಕೂಡ್ಲೂರು ಕಡೆ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸರಕು ಇಳಿಸಿಕೊಳ್ಳುವ ಜಾಗದಲ್ಲಿದ್ದೇನೆ. ಲಾರಿ ಬಂದಾಗ ನಾನು ಮೊದಲು ನೋಡುವುದು ಏನು ಅಂತ ಹೇಳುತ್ತೇನೆ, ಬಹುಶಃ ನಿಮಗೆ ಉಪಯೋಗ ಆಗುತ್ತದೆ. ಜಿಪಿಎಸ್ ನೋಡುವುದಿಲ್ಲ. ಹಿಂದಿನ ಬಾಗಿಲು ತೆಗೆಸಿ ಮೂಗು ಇಡುತ್ತೇನೆ.

ಕಾಫಿ ಬೀಜ ವಾಸನೆ ಹೀರುತ್ತದೆ. ಹಿಂದಿನ ಲೋಡು ಮೀನಿನ ಹುಡಿಯೋ, ಗೊಬ್ಬರವೋ, ಔಷಧಿಯೋ ಆಗಿದ್ದರೆ, ನೀರು ಹಾಕಿ ತೊಳೆದರೂ ಮರದ ಹಲಗೆ ಒಳಗೆ ಇರುತ್ತದೆ. ಚೀಲಕ್ಕೆ ಹತ್ತಿ, ಬೀಜಕ್ಕೆ ಹೋಗಿ, ಕೊನೆಗೆ ಕಪ್ಪಿನಲ್ಲಿ ಬರುತ್ತದೆ. ರುಚಿ ನೋಡುವವರು ಒಂದೇ ಗುಟುಕಿಗೆ ಹೇಳಿಬಿಡುತ್ತಾರೆ. ಇಡೀ ಲಾಟ್ ಬೆಲೆ ಕಳೆದುಕೊಳ್ಳುತ್ತದೆ. ಕರಾವಳಿಯಿಂದ ರಿಟರ್ನ್ ಲೋಡ್ ಅಂತ ಸಿಕ್ಕಿದ್ದು ತುಂಬಿಕೊಂಡು ಬರುವ ಲಾರಿಗಳಲ್ಲಿ ಈ ಕತೆ ಜಾಸ್ತಿ.

ಎರಡನೆಯದು ತೇವ. ಕಾಫಿ ಬೋರ್ಡ್ ಹೇಳುವ ಮಟ್ಟ ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು) 10%, ಅರೇಬಿಕಾ ಚೆರ್ರಿಗೆ (ಹಣ್ಣನ್ನು ಹಾಗೇ ಒಣಗಿಸಿದ್ದು) 10.5%, ರೋಬಸ್ಟಾ ಚೆರ್ರಿಗೆ 11%. ಕಣದಲ್ಲಿ ಸರಿಯಾಗಿ ಒಣಗಿಸಿ ಕೊಟ್ಟಿರುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಅಕಾಲ ಮಳೆ ಬರುತ್ತದೆ, ಟಾರ್ಪಲ್ ತೂತು ಇರುತ್ತದೆ, ಮೇಲಿನ ಸಾಲಿನ ಚೀಲ ನೆನೆಯುತ್ತದೆ. ಗೇಟಿನಲ್ಲಿ ತೇವದ ಮೀಟರ್ ಹಾಕಿದರೆ ಜಗಳ ಶುರು. ತೋಟದವರು ಲಾರಿಯವರ ಮೇಲೆ, ಲಾರಿಯವರು ತೋಟದವರ ಮೇಲೆ.

ಸಿದ್ದಾಪುರ_ತೋಟದ_ರೈಟರ್:
ಈ ಜಗಳದಲ್ಲಿ ನಾನು ನಿಂತಿದ್ದೇನೆ! ತೋಟದಲ್ಲಿ ಲೋಡ್ ಮಾಡುವಾಗಲೇ ತೇವ ನೋಡಿ, ಡ್ರೈವರ್ ಎದುರಿಗೆ ಚೀಟಿಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿದರೆ ಜಗಳವೇ ಇಲ್ಲ. ಮೀಟರ್ ನಮ್ಮ ಹತ್ತಿರ ಇದೆ. ಟ್ರಾನ್ಸ್‌ಪೋರ್ಟಿನವರಿಗೆ ಅಷ್ಟು ಹೊತ್ತು ನಿಲ್ಲುವ ತಾಳ್ಮೆ ಇರುವುದಿಲ್ಲ.

ಮಂಗಳೂರು_ಕ್ಲಿಯರಿಂಗ್:
ಬಂದರಿನಲ್ಲೂ ಅಷ್ಟೇ. 20 ಅಡಿ ಕಂಟೇನರಿಗೆ 60 ಕಿಲೋದ 320 ಚೀಲ, ಅಂದರೆ 19.2 ಟನ್. ಒಳಗೆ ದಪ್ಪ ಕಾಗದ ಹೊದಿಸಿ, ತೇವ ಹೀರುವ ಚೀಲ ನೇತು ಹಾಕುತ್ತೇವೆ. ಹಡಗು ಬಿಸಿ ಸಮುದ್ರದಿಂದ ತಣ್ಣನೆ ಕಡೆ ಹೋದಾಗ ಕಂಟೇನರಿನ ತಗಡಿನ ಒಳಗೆ ನೀರು ಹನಿಯುತ್ತದೆ. 2023ರ ಕೊನೆಯಿಂದ ಕೆಂಪು ಸಮುದ್ರದ ಗಲಾಟೆಗೆ ತುಂಬಾ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಯುರೋಪಿಗೆ ಹೋದವು. ಪ್ರಯಾಣ ಉದ್ದ ಆಯಿತು. ಇಲ್ಲಿಂದ ಹೊರಡುವಾಗ ಅರ್ಧ ಪರ್ಸೆಂಟ್ ತೇವ ಜಾಸ್ತಿ ಇದ್ದರೂ ಅಲ್ಲಿ ಬೂಷ್ಟು.

ಲೋಡಿಂಗ್_ಪಾಯಿಂಟ್:
@ಕ್ಯೂರಿಂಗ್_ಶೆಡ್ ಅಣ್ಣಾ, ಒಂದು ಪ್ರಶ್ನೆ. ನಮ್ಮಲ್ಲಿ ಅಪ್ಪನ ನಿಯಮ ಒಂದಿದೆ. ಕಾಫಿಗೆ ಎರಡು ಲಾರಿ ಬೇರೆಯೇ ಇಟ್ಟಿದ್ದಾರೆ. ಅವುಗಳಿಗೆ ಗೊಬ್ಬರ, ಮೀನು ಹಾಕುವುದಿಲ್ಲ, ರಿಟರ್ನ್ ಖಾಲಿ ಬಂದರೂ ಸರಿ. ನಾನು ಇದನ್ನು ನಷ್ಟ ಅಂತ ಅಪ್ಪನ ಜೊತೆ ವಾದ ಮಾಡುತ್ತಿದ್ದೆ. ಇದಕ್ಕೆ ಪಾರ್ಟಿಗಳು ಬೆಲೆ ಕೊಡುತ್ತಾರಾ?

ಕ್ಯೂರಿಂಗ್_ಶೆಡ್:
ನಿಮ್ಮ ಲಾರಿಗಳು ಹಾಗಿವೆ ಅಂತ ನನಗೇ ಇವತ್ತಿನವರೆಗೆ ಗೊತ್ತಿರಲಿಲ್ಲ. ಹೇಳಿಕೊಂಡರೆ ಅಲ್ವಾ ಬೆಲೆ ಕೊಡುವುದು? ಲಾರಿ ನಂಬರಿನ ಎದುರು ಹಿಂದಿನ ಮೂರು ಲೋಡು ಏನೇನು, ಯಾವತ್ತು ತೊಳೆದದ್ದು, ಟಾರ್ಪಲ್ ಯಾವಾಗ ಬದಲಾಯಿಸಿದ್ದು ಅಂತ ಒಂದು ಹಾಳೆ ಲೋಡಿನ ಜೊತೆ ಕಳಿಸಿ. ಯಾವ ದೊಡ್ಡ ಕಂಪನಿಯೂ ಇದುವರೆಗೆ ನಮಗೆ ಅದನ್ನು ಕೊಟ್ಟಿಲ್ಲ. ಅವರ ಲಾರಿಗಳು ಬಾಡಿಗೆಗೆ ಹಿಡಿದವು. ನಿನ್ನೆ ಅದರಲ್ಲಿ ಏನಿತ್ತು ಅಂತ ಅವರ ಆ್ಯಪ್‌ಗೂ ಗೊತ್ತಿಲ್ಲ.

ಹುಣಸೂರು_ಲಾರಿ_ಬ್ರೋಕರ್:
ಇದು ಮಾತ್ರ ಒಪ್ಪಬೇಕಾದ ಮಾತು. ಲಾರಿ ಹಿಡಿದು ಕೊಡುವವನು ನಾನೇ, ಹಿಂದಿನ ಲೋಡ್ ಕೇಳುವವರು ಯಾರೂ ಇಲ್ಲ.

ಗೋಣಿಕೊಪ್ಪ_ಕೋಡರ್:
ಇದನ್ನು ಮಾಡಲು ದೊಡ್ಡ ಸಾಫ್ಟ್‌ವೇರ್ ಬೇಡ. ಮೊಬೈಲಿನಲ್ಲಿ ಒಂದು ಶೀಟ್ ಸಾಕು. ಅಕ್ಕಾ, ನೀವು ಮಾರುವವರ ಹತ್ತಿರ ಈ ಮೂರು ಪ್ರಶ್ನೆ ಕೇಳಿ. ಹಿಂದಿನ ಸರಕಿನ ಕಾಲಂ ಹಾಕಿಕೊಡುತ್ತೀರಾ? ನೆಟ್‌ವರ್ಕ್ ಇಲ್ಲದ ಕಡೆ ಬರೆದದ್ದು ಉಳಿದುಕೊಂಡು ಆಮೇಲೆ ಹೋಗುತ್ತದಾ? ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ಮಾಹಿತಿ ನಮಗೆ ವಾಪಸ್ ಕೊಡುತ್ತೀರಾ? ಮೂರನೆಯದಕ್ಕೆ ತಡವರಿಸಿದರೆ ಸಹಿ ಹಾಕಬೇಡಿ.

ಇನ್ನೊಂದು ವಿಷಯ. ಕೇಂದ್ರ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ಲಾಜಿಸ್ಟಿಕ್ಸ್ ನೀತಿಯ ಜೊತೆ ಯೂಲಿಪ್ ಎಂಬ ವೇದಿಕೆ ತಂದಿತು. ವಾಹನದ ದಾಖಲೆ, ಫಾಸ್ಟ್ಯಾಗ್ ದಾಟಿದ ಟೋಲ್ ಇಂಥ ಮಾಹಿತಿ ಅದರ ಮೂಲಕ ಕಂಪನಿಗಳಿಗೆ ಸಿಗುತ್ತದೆ. ಅಂದರೆ ಲಾರಿ ಎಲ್ಲಿದೆ ಎಂಬ ಮಾಹಿತಿ ದಿನೇ ದಿನೇ ಅಗ್ಗ ಆಗುತ್ತಿದೆ. ಅದನ್ನೇ ನಂಬಿಕೊಂಡ ದೊಡ್ಡ ಕಂಪನಿಗೂ ಹೆಚ್ಚುಗಾರಿಕೆ ಬಹಳ ದಿನ ಉಳಿಯುವುದಿಲ್ಲ.

ಓದುಗ_ಮಡಿಕೇರಿ:
ಟ್ರೇಡ್‌ಲೆನ್ಸ್ ಕತೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಮೆರ್ಸ್ಕ್ ಹಡಗು ಕಂಪನಿ ಮತ್ತು ಐಬಿಎಂ ಸೇರಿ 2018ರಲ್ಲಿ ಬ್ಲಾಕ್‌ಚೈನ್ (ಹಲವರು ಹಂಚಿಕೊಂಡು ಇಡುವ, ಒಬ್ಬರೇ ತಿದ್ದಲಾಗದ ಡಿಜಿಟಲ್ ದಾಖಲೆ) ಮೇಲೆ ಕಟ್ಟಿದ ವ್ಯವಸ್ಥೆ. ಕಂಟೇನರಿನ ಎಲ್ಲ ಕಾಗದ ಒಂದೇ ಕಡೆ ಇರಬೇಕು ಅಂತ ಆಸೆ. ತಂತ್ರಜ್ಞಾನ ಕೆಲಸ ಮಾಡುತ್ತಿತ್ತು. ಆದರೆ ಇಡೀ ಉದ್ಯಮ ಬೇಕಾದಷ್ಟು ಕೈ ಜೋಡಿಸಲಿಲ್ಲ. 2022ರ ನವೆಂಬರ್‌ನಲ್ಲಿ ಮುಚ್ಚುತ್ತೇವೆ ಅಂತ ಘೋಷಿಸಿದರು. ಅದೇ ಮೆರ್ಸ್ಕ್‌ಗೆ 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ವೈರಸ್ ಬಡಿದಾಗ ಇಡೀ ಕಂಪ್ಯೂಟರ್ ಜಾಲ ಮಲಗಿತು. ಘಾನಾದ ಆಫೀಸಿನಲ್ಲಿ ಆ ಹೊತ್ತಿಗೆ ಕರೆಂಟ್ ಹೋಗಿತ್ತು, ಹಾಗಾಗಿ ಅಲ್ಲಿನ ಒಂದು ಸರ್ವರ್ ಮಾತ್ರ ಉಳಿಯಿತು. ಅದನ್ನು ಇಟ್ಟುಕೊಂಡು ಜಾಲವನ್ನು ಮತ್ತೆ ಕಟ್ಟಿದರು. ಹತ್ತಿರ ಹತ್ತಿರ 30 ಕೋಟಿ ಡಾಲರ್ ನಷ್ಟ ಅಂತ ಕಂಪನಿ ಅಂದಾಜು ಮಾಡಿತ್ತು.

ಬೆಟ್ಟದ_ಜೇನು:
ಹಾಗಾದರೆ ರಿಜಿಸ್ಟರ್ ಪುಸ್ತಕವೂ ಇರಲಿ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಕರೆಂಟ್ ಇರುವ ದಿನವೇ ಕಡಿಮೆ.

ಸಿದ್ದಾಪುರ_ತೋಟದ_ರೈಟರ್:
ಯುರೋಪಿನ ಹೊಸ ಕಾಯ್ದೆಯ ಬಗ್ಗೆ ಯಾರಾದರೂ ಹೇಳುತ್ತಾರೆ ಅಂತ ಕಾಯುತ್ತಿದ್ದೆ. ನಾನೇ ಹೇಳುತ್ತೇನೆ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. ಯುರೋಪಿನವರು 2023ರಲ್ಲಿ ಕಾಯ್ದೆ ಮಾಡಿದರು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವ ಹಾಗಿಲ್ಲ. ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಕೊಡಬೇಕು. 4 ಹೆಕ್ಟೇರಿಗಿಂತ ದೊಡ್ಡ ತೋಟ ಆದರೆ ಗಡಿಯ ಸುತ್ತಳತೆಯನ್ನೇ ಗುರುತು ಮಾಡಿ ಕೊಡಬೇಕು. ಜಾರಿಯ ದಿನಾಂಕವನ್ನು ಮುಂದೂಡುತ್ತಾ ಬಂದಿದ್ದಾರೆ, ಆದರೆ ಕೊಳ್ಳುವವರು ಈಗಲೇ ಕೇಳಲು ಶುರು ಮಾಡಿದ್ದಾರೆ.

ನಾವು ತೋಟದಲ್ಲಿ ಇದನ್ನೆಲ್ಲ ಮಾಡಿಟ್ಟೆವು ಅಂದುಕೊಳ್ಳಿ. ಲಾರಿಯಲ್ಲಿ ಪಕ್ಕದ ತೋಟದ ಚೀಲಗಳ ಜೊತೆ ಬೆರೆತರೆ ಎಲ್ಲ ಹಾಳು. ಸಣ್ಣ ಬೆಳೆಗಾರರ ಹತ್ತು, ಇಪ್ಪತ್ತು ಚೀಲಗಳನ್ನು ಒಂದೇ ಲಾರಿಯಲ್ಲಿ ತರುವಾಗ ಯಾರ ಚೀಲ ಯಾವುದು ಅಂತ ಕೊನೆಯವರೆಗೆ ಬೇರೆ ಬೇರೆ ಇಟ್ಟು, ಕಾಗದ ಸಮೇತ ಒಪ್ಪಿಸುವ ಟ್ರಾನ್ಸ್‌ಪೋರ್ಟ್ ಬೇಕು. ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ನಮ್ಮ ಮಾಲೀಕರು ಕೊಡುತ್ತಾರೆ, ಇದನ್ನು ನಾನು ಖಂಡಿತ ಹೇಳಬಲ್ಲೆ.

ಕ್ಯೂರಿಂಗ್_ಶೆಡ್:
ಹೌದು. ಬಣ್ಣದ ದಾರದಲ್ಲಿ ಚೀಲ ಹೊಲಿದು, ಒಂದೊಂದು ತೋಟಕ್ಕೆ ಒಂದೊಂದು ಬಣ್ಣ ಇಟ್ಟರೂ ನನಗೆ ಅರ್ಧ ಕೆಲಸ ಉಳಿಯುತ್ತದೆ. ಕ್ಯೂಆರ್ ಚೀಟಿ ಮಳೆಗೆ ಕಿತ್ತು ಹೋಗುತ್ತದೆ.

ಹುಣಸೂರು_ಲಾರಿ_ಬ್ರೋಕರ್:
ಎಲ್ಲ ಸರಿ. ನನ್ನ ಅನುಮಾನ ಒಂದೇ. ಇದೆಲ್ಲ ಬರೆಯುವವರು ಯಾರು? ಡ್ರೈವರ್‌ಗಳಾ? ಟ್ರಿಪ್ ಶೀಟ್‌ನಲ್ಲಿ ಕಿಲೋಮೀಟರ್ ಸರಿಯಾಗಿ ಬರೆಯುವುದಿಲ್ಲ. ಡೀಸೆಲ್ ಕದಿಯುವವರೂ ಇದ್ದಾರೆ. ನೀವು ಅವರ ತಿಳಿವಳಿಕೆ ಅಂತ ಮಾತಾಡುತ್ತಿದ್ದೀರಿ.

ಸಂಪಾಜೆ_ಡ್ರೈವರ್:
ಅಣ್ಣಾ, ಕದಿಯುವವರು ಇದ್ದಾರೆ. ಇಲ್ಲ ಅನ್ನುವುದಿಲ್ಲ. ಆದರೆ ನಾವು ಯಾಕೆ ಬರೆಯುವುದಿಲ್ಲ ಅಂತ ನೀವು ಕೇಳಿಲ್ಲ. ನಾನು ಬರೆದದ್ದೆಲ್ಲ ನನ್ನ ಮೇಲೆಯೇ ಬಂದಿದೆ. ನಿಂತೆ ಅಂತ ಬರೆದರೆ ಬಾಟಾ ಕಡಿತ. ಟೈರು ಸವೆದಿದೆ ಅಂತ ಬರೆದರೆ "ನೀನು ಓಡಿಸುವ ಹಾಗೆ ಓಡಿಸಿದರೆ ಸವೆಯುತ್ತದೆ" ಅಂತ ಬೈಗುಳ. ಹಾಗಾದಾಗ ಗೊತ್ತಿದ್ದದ್ದನ್ನು ಯಾರು ಹೇಳುತ್ತಾರೆ? ನನಗೆ ಗೊತ್ತಿರುವ ದಾರಿಯೇ ನನ್ನ ಕೆಲಸ ಉಳಿಸುತ್ತಿದೆ. ಅದನ್ನೂ ನಿಮ್ಮ ಕಂಪ್ಯೂಟರಿಗೆ ಹಾಕಿಕೊಟ್ಟರೆ ನಾಳೆ ಕಡಿಮೆ ಸಂಬಳಕ್ಕೆ ಇನ್ನೊಬ್ಬನನ್ನು ತರುತ್ತೀರಿ.

ಗೋಣಿಕೊಪ್ಪ_ಕೋಡರ್:
ಈ ಮಾತಿಗೆ ನನ್ನ ಹತ್ತಿರ ಸಾಫ್ಟ್‌ವೇರ್ ಉತ್ತರ ಇಲ್ಲ.

ಓದುಗ_ಮಡಿಕೇರಿ:
ಇದು ಇಡೀ ಚರ್ಚೆಯ ಮುಖ್ಯ ಪ್ರಶ್ನೆ ಅಂತ ನನಗೆ ಅನ್ನಿಸುತ್ತದೆ. ತಿಳಿವಳಿಕೆ ಹಂಚಿಕೊಂಡವರಿಗೆ ಲಾಭದಲ್ಲಿ ಪಾಲು ಸಿಗದಿದ್ದರೆ ಅದು ಕಂಪನಿಯ ತಿಳಿವಳಿಕೆ ಆಗುವುದೇ ಇಲ್ಲ. ಹುಬ್ಬಳ್ಳಿಯ ಸಾಗಣೆ ಕಂಪನಿ ವಿಆರ್‌ಎಲ್ 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುವಾದದ್ದು. ಬಾಡಿಗೆ ಲಾರಿಗಳನ್ನೇ ನೆಚ್ಚಿಕೊಳ್ಳದೆ ಸ್ವಂತ ಲಾರಿ, ಸ್ವಂತ ವರ್ಕ್‌ಶಾಪ್ ಕಟ್ಟಿಕೊಂಡು ಬೆಳೆದರು. ರಿಪೇರಿಯ ತಿಳಿವಳಿಕೆ ಮನೆಯಲ್ಲೇ ಉಳಿಯಿತು. ರಿವಿಗೊ ಎಂಬ ಹೊಸ ಕಂಪನಿ 2014ರಲ್ಲಿ ಬಂತು. ರಿಲೇ ಥರ ಡ್ರೈವರ್ ಬದಲಾಯಿಸುತ್ತಾ ಲಾರಿ ನಿಲ್ಲದೆ ಓಡಿಸುವ, ಡ್ರೈವರ್ ಅದೇ ದಿನ ಮನೆಗೆ ಮರಳುವ ಉಪಾಯ ಅವರದು. ತಂತ್ರಜ್ಞಾನಕ್ಕೆ ತುಂಬಾ ಹೆಸರಾಗಿತ್ತು. 2022ರಲ್ಲಿ ಅವರ ಎಕ್ಸ್‌ಪ್ರೆಸ್ ವ್ಯಾಪಾರವನ್ನು ಮಹೀಂದ್ರ ಲಾಜಿಸ್ಟಿಕ್ಸ್ 225 ಕೋಟಿ ರೂಪಾಯಿಗೆ ಕೊಂಡಿತು. ಒಳ್ಳೆ ಉಪಾಯ ಇದ್ದರೂ ಖರ್ಚು ಹೊರುವ ಶಕ್ತಿ ಬೇಕು.

ಹುಣಸೂರು_ಲಾರಿ_ಬ್ರೋಕರ್:
ಪಾಲು ಅಂದರೆ ಹೇಗೆ ಕೊಡುತ್ತೀರಿ, ಅದನ್ನು ಹೇಳಿ. ಡೀಸೆಲ್ ಉಳಿಸಿದ್ದಕ್ಕೆ ದುಡ್ಡು ಅಂತ ಇಟ್ಟರೆ, ಘಾಟಿಯಲ್ಲಿ ನ್ಯೂಟ್ರಲ್‌ಗೆ ಹಾಕಿ ಇಳಿಸುತ್ತಾರೆ. ಅದು ಇನ್ನೂ ಅಪಾಯ.

ಸಂಪಾಜೆ_ಡ್ರೈವರ್:
ಅದು ಸರಿಯಾದ ಮಾತು. ಬರೀ ಡೀಸೆಲ್ ಮೇಲೆ ಇಡಬೇಡಿ. ದಾರಿಗೆ ಬೇರೆ, ಲೋಡಿಗೆ ಬೇರೆ, ಮಳೆಗಾಲಕ್ಕೆ ಬೇರೆ ಮೈಲೇಜ್ ಅಂತ ನಮ್ಮನ್ನು ಕೂರಿಸಿಕೊಂಡು ನಿಗದಿ ಮಾಡಿ. ಸರಕು ಒಣಗಿದ್ದ ಹಾಗೆ ತಲುಪಿಸಿದರೆ, ಚೀಲ ಬೆರೆಯದಿದ್ದರೆ ಸೀಸನ್ ಕೊನೆಯಲ್ಲಿ ಇಷ್ಟು ಅಂತ ಇಡಿ. ಮತ್ತೆ, ಸುರಕ್ಷತೆಗೆ ನಿಂತದ್ದಕ್ಕೆ ಒಂದು ರೂಪಾಯಿಯೂ ಹಿಡಿಯುವುದಿಲ್ಲ ಅಂತ ಬರೆದು ಕೊಡಿ. ಬಾಯಿ ಮಾತು ಬೇಡ.

ಲೋಡಿಂಗ್_ಪಾಯಿಂಟ್:
ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೆ ಈ ಚರ್ಚೆಯನ್ನು ಓದಿ ಹೇಳಿದೆ. ಎರಡು ಕಾಫಿ ಲಾರಿಗಳ ವಿಷಯ ಬಂದಾಗ ತುಂಬಾ ಹೊತ್ತು ಮಾತಾಡಿದರು. ಯಾವ ಪಾರ್ಟಿಗೆ ಎಂಥ ಚೀಲ, ಯಾವ ತೋಟದಲ್ಲಿ ಲಾರಿ ತಿರುಗಿಸಲು ಜಾಗ ಇಲ್ಲ, ಎಲ್ಲ ಹೇಳುತ್ತಾ ಹೋದರು. ನಾನು ಬರೆದುಕೊಂಡೆ.

ಈಗಿನ ನಿರ್ಧಾರ ಇಷ್ಟು. ದೊಡ್ಡ ಪ್ಯಾಕೇಜ್ ಸದ್ಯಕ್ಕೆ ಬೇಡ. ಹಿಂದಿನ ಲೋಡಿನ ಹಾಳೆ ಮತ್ತು ತೇವದ ಚೀಟಿ ಈ ಸೀಸನ್‌ನಿಂದಲೇ ಶುರು. ಚೀಲಕ್ಕೆ ಬಣ್ಣದ ದಾರ. ಇ-ವೇ ಬಿಲ್ ಅವಧಿ ನೆನಪಿಸಲು ಕೋಡರ್ ಅವರು ಹೇಳಿದ ಶೀಟ್. ಡ್ರೈವರ್ ಪಾಲಿನ ವಿಷಯಕ್ಕೆ ಅಪ್ಪ ಒಪ್ಪಿದ್ದಾರೆ, ಎಷ್ಟು ಅಂತ ನಿರ್ಧಾರ ಆಗಿಲ್ಲ. ಬಿಟ್ಟು ಹೋದ ಪಾರ್ಟಿಗೆ ಒಂದು ಮಾದರಿ ಹಾಳೆ ಕಳಿಸುತ್ತಿದ್ದೇನೆ.

ಗೋಣಿಕೊಪ್ಪ_ಕೋಡರ್:
ಶೀಟ್ ನಾನು ಮಾಡಿಕೊಡುತ್ತೇನೆ ಅಕ್ಕಾ, ಹಣ ಬೇಡ. ಕಾಲಂಗಳ ಹೆಸರು ಡ್ರೈವರ್‌ಗಳೇ ಹೇಳಲಿ. ಕನ್ನಡದಲ್ಲೇ ಇರಲಿ.

ನಾಪೋಕ್ಲು_ಹುಡುಗ:
ಬರೆಯಲು ಕಷ್ಟ ಆಗುವವರಿಗೆ ವಾಯ್ಸ್ ಇಡಿ. ಮಳೆಯಲ್ಲಿ ಒದ್ದೆ ಕೈಯಲ್ಲಿ ಟೈಪ್ ಮಾಡಲು ಆಗುವುದಿಲ್ಲ.

ಸಂಪಾಜೆ_ಡ್ರೈವರ್:
ವಾಯ್ಸ್ ಆದರೆ ನಾನು ಸಂಪಾಜೆ ಘಾಟಿಯ ಪ್ರತಿ ತಿರುವನ್ನೂ ಹೇಳುತ್ತೇನೆ. ಮೊದಲನೆಯ ಕಾಲಂ ಬರೆದುಕೊಳ್ಳಿ: ಎಲ್ಲಿ ನೀರು ರಸ್ತೆಗೆ ಬರುತ್ತದೆ. ಎರಡನೆಯದು: ಎಲ್ಲಿ ಲೋಡ್ ಲಾರಿಯನ್ನು ಬದಿಗೆ ಹಾಕಲು ಜಾಗ ಇದೆ.

ಕ್ಯೂರಿಂಗ್_ಶೆಡ್:
ಮೂರನೆಯದು ನನ್ನದು. ಟಾರ್ಪಲ್ ಬಿಚ್ಚಿದ್ದು ಎಲ್ಲಿ, ಯಾಕೆ.